ಕೆಆರ್‌ಎಸ್ ಎಷ್ಟು ಅಡಿ?

2023ರ ಮಳೆಗಾಲದಲ್ಲಿ ಮಂಡ್ಯದ ಯಾರ ಮನೆ ಹೊಸ್ತಿಲು ತುಳಿದರೂ ಕಿವಿಗೆ ಬೀಳುತ್ತಿದ್ದದ್ದು ಒಂದೇ ಮಾತು: ಕೆಆರ್‌ಎಸ್ ಎಷ್ಟು ಅಡಿ ಐತೆ? ಮಳೆ ಕೈಕೊಟ್ಟಿತ್ತು. ತಮಿಳುನಾಡಿಗೆ ನೀರು ಬಿಡಬೇಕೆಂಬ ಆದೇಶ, ಅದರ ಮೇಲೆ ಧರಣಿ, ಬಂದ್. ಅಂಥ ವರ್ಷದಲ್ಲಿ ನಮ್ಮಪ್ಪ ಬೆಳಗ್ಗೆ ತಿಂಡಿಯೊಳಗೆ ಮೂರು ಸಲ ಅದನ್ನೇ ಕೇಳಿದರೆ ಯಾರಿಗೆ ತಾನೇ ಅನುಮಾನ ಬಂದೀತು? ಊರಿಗೆ ಊರೇ ಕೇಳುತ್ತಿದ್ದ ಪ್ರಶ್ನೆಯ ಮರೆಯಲ್ಲಿ ಅಪ್ಪನ ಕಾಯಿಲೆ ಒಂದು ವರ್ಷ ಅಡಗಿ ಕೂತಿತ್ತು.

ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಪೇಪರ್ ಬಂದೊಡನೆ ಜಲಾಶಯಗಳ ಮಟ್ಟದ ಪಟ್ಟಿ ಹುಡುಕಿ, ಗರಿಷ್ಠ 124.80 ಅಡಿ, ಇವತ್ತು ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು ಅಂತ ಅಡುಗೆಮನೆಗೆ ಕೇಳುವ ಹಾಗೆ ಗಟ್ಟಿಯಾಗಿ ಓದುತ್ತಿದ್ದರು. ಹೋದ ವರ್ಷ ಇದೇ ದಿನ ಎಷ್ಟಿತ್ತು ಅನ್ನುವುದೂ ಬಾಯಲ್ಲೇ ಇರುತ್ತಿತ್ತು. ಆ ವರ್ಷ ತಾವೇ ಓದಿ ಹೇಳಿದ ಹತ್ತು ನಿಮಿಷಕ್ಕೆ ಪೇಪರ್ ಮಡಿಸಿಟ್ಟು, ‘ಇವತ್ತು ಎಷ್ಟು ಅಡಿ ಬಂದಿದೆ?’ ಅಂತ ನನ್ನನ್ನೇ ಕೇಳುತ್ತಿದ್ದರು. ನಾನಿರುವುದು ಮೈಸೂರಿನ ತಿಲಕ್ ನಗರದಲ್ಲಿ, ಕೆಲಸ ಕರೆಂಟ್ ಆಫೀಸಿನಲ್ಲಿ ಬಿಲ್ಲುಗಳ ಲೆಕ್ಕ ನೋಡುವುದು. ಭಾನುವಾರ ರೈಲು ಹತ್ತಿ ಮಂಡ್ಯಕ್ಕೆ ಹೋಗಿ ಸಂಜೆ ವಾಪಸಾಗುವವಳಿಗೆ ಕಂಡದ್ದು ಅಷ್ಟೇ.

ಆಗ ನಮಗೆಲ್ಲ ಚಿಂತೆಯಿದ್ದದ್ದು ಅವ್ವನದು. ಅವ್ವ ಮಾತು ಕಮ್ಮಿ ಮಾಡಿದ್ದಳು. ಕೇಳಿದ್ದೊಂದು, ಹೇಳುವುದೊಂದು. ಮಧ್ಯಾಹ್ನ ಮಲಗಿದರೆ ದೀಪ ಹಚ್ಚುವ ಹೊತ್ತಿಗೂ ಏಳುತ್ತಿರಲಿಲ್ಲ. ಒಂದು ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿದಳು ಅಂತ ಅಪ್ಪನೇ ಫೋನ್ ಮಾಡಿದರು. ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಪಾಂಡವಪುರದ ಕಡೆಯ ಹಳ್ಳಿಯವಳು. ಹಾಲಿನ ಲೆಕ್ಕವನ್ನು ಅಡುಗೆಮನೆ ಬಾಗಿಲ ಹಿಂದೆ ಇದ್ದಿಲಿನಲ್ಲಿ ಗೀಟು ಹಾಕಿ ಇಟ್ಟವಳು, ಆ ಲೆಕ್ಕ ಒಂದು ದಿನವೂ ತಪ್ಪಿದ್ದನ್ನು ನಾನು ಕಂಡಿಲ್ಲ.

2024ರ ಜನವರಿ 16ರಂದು, ಸಂಕ್ರಾಂತಿಯ ಮಾರನೇ ದಿನ, ಇಬ್ಬರನ್ನೂ ಒಂದು ಖಾಸಗಿ ಕ್ಲಿನಿಕ್‌ಗೆ ಕರೆದುಕೊಂಡು ಹೋದೆ. ಕರೆದೊಯ್ದದ್ದು ಅವ್ವನಿಗಾಗಿ. ಬಂದದ್ದು ಬಂದಿದ್ದೀವಿ, ಅಪ್ಪನದೂ ನೋಡಿಬಿಡಿ ಅಂದೆ. 30 ಅಂಕದ ಪರೀಕ್ಷೆ. 1975ರಲ್ಲಿ ಅಮೆರಿಕದಲ್ಲಿ ರೂಪಿಸಿದ ಎಂಎಂಎಸ್‌ಇ ಅನ್ನುವುದು, ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ತಾರೀಕು ಯಾವುದು, ಯಾವ ಊರು, ಮೂರು ಪದ ಹೇಳಿ ಆಮೇಲೆ ಕೇಳುವುದು, ನೂರರಿಂದ ಏಳೇಳು ಕಳೆಯುವುದು, ಬರೆದದ್ದನ್ನು ಓದಿ ಅದರಂತೆ ಮಾಡುವುದು, ಒಂದು ವಾಕ್ಯ ಬರೆಯುವುದು, ಒಂದರ ಮೇಲೊಂದು ಕೂತ ಎರಡು ಐದು ಮೂಲೆಯ ಚಿತ್ರ ನೋಡಿ ಬರೆಯುವುದು. ಆ ಮೂರು ಪದ ಯಾವುವು ಅಂತ ಇಲ್ಲಿ ಬರೆಯುವುದಿಲ್ಲ. ನಾಳೆ ನಿಮ್ಮ ಮನೆಯವರಿಗೆ ಅದೇ ಪರೀಕ್ಷೆ ಆಗಬಹುದು, ಮೊದಲೇ ಗೊತ್ತಿದ್ದರೆ ಪರೀಕ್ಷೆ ಕೆಟ್ಟುಹೋಗುತ್ತದೆ. ಮೊಬೈಲಿನಲ್ಲಿ ಹುಡುಕಿ ಅಜ್ಜ ಅಜ್ಜಿಗೆ ಮನೆಯಲ್ಲೇ ಅಭ್ಯಾಸ ಮಾಡಿಸುವ ಮಕ್ಕಳಿಗೂ ಇದೇ ಮಾತು.

ನೂರರಿಂದ ಏಳು ಕಳೆಯಿರಿ ಅಂದದ್ದೇ ತಡ, ಅಪ್ಪ 93, 86, 79, 72, 65 ಅಂದರು. ಐದು ಸಲ ಸಾಕು. ಅಪ್ಪ ನಿಲ್ಲಿಸಲೇ ಇಲ್ಲ, 2ಕ್ಕೆ ಬಂದು ‘ಶೇಷ ಎರಡು’ ಅಂದರು. ಡಾಕ್ಟರ್ ನಕ್ಕರು. ನನಗೂ ಹೆಮ್ಮೆಯಾಯಿತು. ಒಟ್ಟು 27.

ಅವ್ವನಿಗೆ 16. ‘ತಂದೆಯವರಿಗೆ ಏನೂ ಇಲ್ಲ. ತಾಯಿಗೆ ಡಿಮೆನ್ಷಿಯಾ, ಮರೆವಿನ ಕಾಯಿಲೆ’ ಅಂತ ಡೊನೆಪೆಜಿಲ್ ಮಾತ್ರೆ ಬರೆದುಕೊಟ್ಟರು. ಮಾತ್ರೆ ಶುರುವಾದ ಮೇಲೆ ಅವ್ವನಿಗೆ ಹೊಟ್ಟೆ ತೊಳಸುವುದು, ಭೇದಿ. ಮುದ್ದೆ ಅರ್ಧಕ್ಕೆ ನಿಂತಿತು. ಕಾಯಿಲೆ ಜಾಸ್ತಿಯಾಗುತ್ತಿದೆ ಅಂದುಕೊಂಡೆವು. ಏಳು ತಿಂಗಳು ಹಾಗೇ ನುಂಗಿಸಿದೆವು. ಇದನ್ನು ಬರೆಯುವಾಗ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

2024ರ ಜುಲೈನಲ್ಲಿ ಕೆಆರ್‌ಎಸ್ ತುಂಬಿತು. ಬಾಗಿನ ಕೊಟ್ಟಾಯಿತು, ನಾಲೆಗೆ ನೀರು ಬಿಟ್ಟರು, ಜನ ನಾಟಿಗೆ ಇಳಿದರು. ಎಷ್ಟು ಅಡಿ ಅನ್ನುವ ಮಾತು ಮಂಡ್ಯದಲ್ಲಿ ನಿಂತುಹೋಯಿತು, ನಮ್ಮ ಮನೆಯಲ್ಲಿ ಮಾತ್ರ ನಿಲ್ಲಲಿಲ್ಲ. ತುಂಬಿದೆ ಅಪ್ಪ, ಭರ್ತಿ ಆಗಿದೆ ಅಂದರೆ ಅಪ್ಪನ ಮುಖ ಅರಳುತ್ತಿತ್ತು, ಪ್ರತಿ ಸಲವೂ ಹೊಸದಾಗಿ ಕೇಳಿದವರ ಹಾಗೆ. ಅರ್ಧ ಗಂಟೆಗೆ ಮತ್ತೆ ಅದೇ. ನನಗೆ ಮೊದಲು ಎದೆ ಝಲ್ಲೆಂದದ್ದು ಆ ಮುಖ ಮೂರನೇ ಸಲ ಅರಳಿದ್ದನ್ನು ಕಂಡಾಗ.

ಮಾವನಿಗೆ ಹೇಳಿದರೆ, ‘ಬುಡವ್ವ, ಅರವತ್ತಕ್ಕೆ ಅರಳುಮರಳು ಅಂತಾರೆ, ಮೇಷ್ಟ್ರಿಗೆ ಎಪ್ಪತ್ತೈದಾದ್ರೂ ಬರಬಾರ್ದ? ಹಳೇದೆಲ್ಲ ಹೆಂಗೆ ಗ್ಯಾನ ಮಡಗವ್ರೆ ನೋಡು’ ಅಂದರು. ಹಳೆಯದು ನೆನಪಿದೆ ಅನ್ನುವುದನ್ನೇ ನಾವೆಲ್ಲ ಸಮಾಧಾನಕ್ಕೆ ಹಿಡಿದುಕೊಳ್ಳುತ್ತೇವೆ. ಈ ಕಾಯಿಲೆಯ ನಡೆಯೇ ಹಾಗೆ, ಹಳೆಯದನ್ನು ಬಹಳ ಕಾಲ ಮುಟ್ಟುವುದಿಲ್ಲ, ಇವತ್ತು ಬೆಳಗ್ಗೆ ನಡೆದದ್ದನ್ನು ಮೊದಲು ಒಯ್ಯುತ್ತದೆ. ಆ ಗಾದೆಯ ಮೇಲೆ ನನಗೆ ನಿಜವಾಗಿ ಸಿಟ್ಟಿದೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದಲ್ಲಿ ಅರವತ್ತು ದಾಟಿದವರ ಪೈಕಿ ಡಿಮೆನ್ಷಿಯಾ ಇರುವವರು ಶೇ. 7.4, ಅಂದರೆ ದೇಶದಲ್ಲಿ ಸುಮಾರು 88 ಲಕ್ಷ ಜನ. ಆ 88 ಲಕ್ಷ ಮನೆಗಳ ಸಂಕಟ ಸಣ್ಣದಲ್ಲ. ಹಾಗೆಂದು ಅರವತ್ತಾದ ಎಲ್ಲರಿಗೂ ಬರುವ ಅರಳುಮರಳೂ ಅಲ್ಲ ಇದು, ನೂರಕ್ಕೆ ತೊಂಬತ್ತೆರಡು ಜನಕ್ಕೆ ಇಲ್ಲದ್ದು. ಇಲ್ಲದವರ ಲೆಕ್ಕಕ್ಕೆ ಇದ್ದವರನ್ನೂ ಸೇರಿಸಿ ಮನೆಯಲ್ಲಿ ಕೂರಿಸುವ ಕೆಲಸವನ್ನು ಆ ಗಾದೆ ಮಾಡುತ್ತದೆ.

ಆಗಸ್ಟ್‌ನಲ್ಲಿ ಒಂದು ಬೆಳಗ್ಗೆ ಸಿಲ್ವರ್ ಜ್ಯೂಬಿಲಿ ಪಾರ್ಕಿಗೆ ವಾಕಿಂಗ್ ಹೋದ ಅಪ್ಪ ಹನ್ನೊಂದಾದರೂ ಮನೆಗೆ ಬರಲಿಲ್ಲ. ಮೂವತ್ತು ವರ್ಷ ನಡೆದ ದಾರಿ. ಹಳೆಯ ವಿದ್ಯಾರ್ಥಿಯೊಬ್ಬ ಆಟೋದಲ್ಲಿ ಕರೆತಂದು ಬಿಟ್ಟ. ‘ರಸ್ತೆ ಅಗೆದಿದ್ದರು, ಸುತ್ತಿ ಬಂದೆ’ ಅಂದರು ಅಪ್ಪ. ಯಾವ ರಸ್ತೆಯನ್ನೂ ಅಗೆದಿರಲಿಲ್ಲ.

ಆ ರಾತ್ರಿ ಅವರ ಆಸ್ಪತ್ರೆ ಫೈಲ್ ತೆಗೆದು ಕೂತೆ. ಒಟ್ಟು ಸರಿಯಿದೆ ಅಂದ ಮಾತ್ರಕ್ಕೆ ಬಿಲ್ಲು ಸರಿಯಿದೆ ಅಂತ ಸಹಿ ಹಾಕುವವಳಲ್ಲ ನಾನು. ಆಫೀಸಿನಲ್ಲಿ ಕಲಿತ ಬುದ್ಧಿಯಲ್ಲ ಅದು, ಅಪ್ಪನದೇ. ಉತ್ತರ ಸರಿಯಿದ್ದರೂ ಹೆಜ್ಜೆ ಹೆಜ್ಜೆ ಬರೆಯದಿದ್ದರೆ ಅಂಕ ಕೊಡುತ್ತಿರಲಿಲ್ಲ, ಉತ್ತರ ತಪ್ಪಿದ್ದರೂ ಹೆಜ್ಜೆಗಳಿಗೆ ಅಂಕ ಕಡಿಯುತ್ತಿರಲಿಲ್ಲ. ಹಾಳೆಯಲ್ಲಿ ಅಪ್ಪ ಕಳೆದುಕೊಂಡದ್ದು ಮೂರೇ ಅಂಕ. ಮೂರೂ ಒಂದೇ ಜಾಗದಲ್ಲಿ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ ಮೂರು ಪದಗಳಲ್ಲಿ ಒಂದನ್ನೂ ಹೇಳಿರಲಿಲ್ಲ. ಅವ್ವನ ಹಾಳೆ ಪಕ್ಕಕ್ಕಿಟ್ಟೆ. ಓದುವುದಕ್ಕೆ ಸೊನ್ನೆ, ಬರೆಯುವುದಕ್ಕೆ ಸೊನ್ನೆ, ಚಿತ್ರಕ್ಕೆ ಸೊನ್ನೆ, ಏಳೇಳು ಕಳೆಯುವುದಕ್ಕೆ ಐದಕ್ಕೆ ಸೊನ್ನೆ. ತಾರೀಕು, ತಿಂಗಳು, ಇಸವಿ ಮೂರೂ ತಪ್ಪು. ಅವತ್ತು ಅವ್ವ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ, ‘ನೆನ್ನೆ ಸಂಕ್ರಾಂತಿ, ಇವತ್ತು ಮಂಗಳವಾರ’ ಅಂದಿದ್ದಳು. ಅಮಾವಾಸ್ಯೆ ಕಳೆದು ಎಷ್ಟನೇ ದಿನ ಅಂತ ಕೇಳಿದ್ದರೆ ಅದನ್ನೂ ಹೇಳುತ್ತಿದ್ದಳು. ಮೂರು ಪದಗಳ ಜಾಗದಲ್ಲಿ ಅವ್ವನಿಗೆ ಎರಡು ಅಂಕ ಬಿದ್ದಿತ್ತು.

16 ತಗೊಂಡವಳು ನೆನಪಿಟ್ಟುಕೊಂಡಿದ್ದಳು. 27 ತಗೊಂಡವರು ಮರೆತಿದ್ದರು.

ಸೆಪ್ಟೆಂಬರ್‌ನಲ್ಲಿ ಮೈಸೂರಿನ ಒಂದು ದೊಡ್ಡ ಆಸ್ಪತ್ರೆಯ ನ್ಯೂರಾಲಜಿ ವಿಭಾಗಕ್ಕೆ ಹೋದೆವು. ಅಲ್ಲಿ ಪರೀಕ್ಷೆ ಮಾಡಿದ ಮನಶ್ಶಾಸ್ತ್ರಜ್ಞೆ ಚಿಕ್ಕ ವಯಸ್ಸಿನ ಹುಡುಗಿ, ಒಬ್ಬೊಬ್ಬರಿಗೂ ಒಂದೂವರೆ ಗಂಟೆ ಕೊಟ್ಟಳು. ಶಾಲೆ ಕಾಣದವರಿಗೆ ಆ 30 ಅಂಕದ ಪರೀಕ್ಷೆ ಹೊಂದುವುದಿಲ್ಲ ಅಂತ ನಮ್ಮ ದೇಶದವರಿಗೆ ಯಾವತ್ತೋ ಗೊತ್ತಾಗಿದೆ. 1990ರ ದಶಕದಲ್ಲೇ ಹರಿಯಾಣದ ಬಲ್ಲಭಗಢದ ಹಳ್ಳಿಗರಿಗಾಗಿ ಅದನ್ನು ತಿದ್ದಿದ್ದರಂತೆ. ಓದಿ ಮಾಡಿ ಅನ್ನುವ ಕಡೆ ನಾನು ಮಾಡಿದ ಹಾಗೆ ಮಾಡಿ, ವಾಕ್ಯ ಬರೆಯಿರಿ ಅನ್ನುವ ಕಡೆ ನಿಮ್ಮ ಮನೆ ಬಗ್ಗೆ ಒಂದು ಮಾತು ಹೇಳಿ, ಏಳೇಳು ಕಳೆಯುವ ಬದಲು ವಾರಗಳನ್ನು ಹಿಂದಿನಿಂದ ಹೇಳಿ. ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಐಸಿಎಂಆರ್, ಸಿದ್ಧಪಡಿಸಿದ ಪರೀಕ್ಷೆಗಳ ಗುಚ್ಛ ಕನ್ನಡದಲ್ಲೂ ಇದೆ. ಇಷ್ಟೆಲ್ಲ ಇದ್ದೂ ನಮ್ಮ ಅವ್ವನ ಮುಂದೆ ಐದು ಮೂಲೆಯ ಚಿತ್ರ ಇಟ್ಟು ಪೆನ್ಸಿಲ್ ಕೊಟ್ಟಿದ್ದರು. ಪೆನ್ಸಿಲ್ ಹಿಡಿಯುವುದು ಹೇಗೆ ಅಂತ ಅವಳು ನನ್ನ ಮುಖ ನೋಡಿದ್ದಳು.

ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿ ಹೇಳ್ತೀರಿ ಅಂದಾಗ ಅವ್ವ ಕೊಟ್ಟಿಗೆಗೇ ನುಗ್ಗಿದಳು: ಹಸ, ಕಡಸು, ಹೋರಿ, ಎತ್ತು, ಎಮ್ಮೆ, ಕೋಣ, ಮೇಕೆ, ಹೋತ, ಟಗರು, ಬಂಡೂರು ಕುರಿ, ‘ಬ್ಯಾರೆ ಕುರಿ’. ಹುಡುಗಿ ನಗುತ್ತ ಬರೆದುಕೊಂಡಳು. ಅಪ್ಪ ಒಂಬತ್ತಕ್ಕೆ ನಿಂತರು, ಅದರಲ್ಲಿ ಆನೆ ಮೂರು ಸಲ ಬಂದಿತ್ತು. ಮೊದಲು ಹೇಳಿ ಆಮೇಲೆ ಕೇಳಿದ ಐದು ಪದಗಳಲ್ಲಿ ಅಪ್ಪನಿಗೆ ಒಂದೂ ಬರಲಿಲ್ಲ. ಅದೊಂದು ಹೂವು ಅಂತ ಸುಳಿವು ಕೊಟ್ಟರೂ ಬರಲಿಲ್ಲ, ಮೂರು ಹೂವಿನ ಹೆಸರು ಹೇಳಿ ಆರಿಸಿ ಅಂದರೂ ತಪ್ಪು ಹೂವನ್ನೇ ಆರಿಸಿದರು. ಆ ಹುಡುಗಿ ಅದನ್ನು ಅವ್ವನಿಗೆ ಬಿಡಿಸಿ ಹೇಳಿದ ರೀತಿ ನನಗೆ ಮರೆಯುವುದಿಲ್ಲ. ಬೀರುವಿನಲ್ಲಿಟ್ಟ ಸೀರೆ ಕೈಗೆ ಸಿಗದಿದ್ದರೆ ಅಂಚು ಇಂಥ ಬಣ್ಣ ಅಂತ ಯಾರಾದರೂ ಹೇಳಿದಾಗ ಸಿಗುತ್ತೆ ಅಲ್ವಾ ಅಜ್ಜಿ, ಸೀರೆ ಬೀರುವಿಗೆ ಹೋಗೇ ಇಲ್ಲದಿದ್ದರೆ ಏನು ಸುಳಿವು ಕೊಟ್ಟರೆ ಏನು? ಹೊಸದನ್ನು ಒಳಗಿಡುವ ಕೆಲಸ ಮೆದುಳಿನ ಹಿಪೊಕ್ಯಾಂಪಸ್ ಅನ್ನುವ ಭಾಗದ್ದು. ಡಿಮೆನ್ಷಿಯಾ ತರುವ ಆಲ್ಝೈಮರ್ ಕಾಯಿಲೆ ಮೊದಲು ಕೈಯಿಡುವ ಜಾಗಗಳಲ್ಲಿ ಅದೂ ಒಂದು. ಎಂಆರ್‌ಐನಲ್ಲಿ ಅಪ್ಪನದು ಎರಡೂ ಬದಿ ಕುಗ್ಗಿತ್ತು. ಅಮಿಲಾಯ್ಡ್, ಟೌ ಅನ್ನುವ ಪ್ರೋಟೀನುಗಳು ಮೆದುಳಿನಲ್ಲಿ ಕೂಡಿಕೊಳ್ಳುವುದು ಮರೆವು ಕಾಣುವ ಹದಿನೈದು ಇಪ್ಪತ್ತು ವರ್ಷ ಮೊದಲೇ ಶುರುವಾಗಿರುತ್ತದಂತೆ. ಅಂದರೆ ಅಪ್ಪ ಇನ್ನೂ ಹತ್ತನೇ ತರಗತಿಗೆ ಪೈಥಾಗೊರಸ್ ಪ್ರಮೇಯ ಹೇಳಿಕೊಡುತ್ತಿದ್ದ ಕಾಲಕ್ಕೆ.

ಓದಿದವರ ಮೆದುಳು ಕೊರತೆಯನ್ನು ಬಹಳ ದಿನ ಮುಚ್ಚಿಕೊಂಡು ನಡೆಯುತ್ತದೆ. ಇದನ್ನು ಹೇಳುವಾಗಲೇ ಇನ್ನೊಂದನ್ನೂ ಹೇಳಬೇಕು: ಓದದವರಿಗೆ ಈ ಕಾಯಿಲೆ ಬರುವುದಿಲ್ಲ, ಅವರ ಕಡಿಮೆ ಅಂಕವೆಲ್ಲ ಸುಳ್ಳು ಅಂತಲ್ಲ. ಶಾಲೆ ಸಿಗದವರಲ್ಲಿ, ಹಳ್ಳಿಯವರಲ್ಲಿ, ಹೆಂಗಸರಲ್ಲಿ ಇದು ಹೆಚ್ಚು ಅಂತಲೇ ಆ ರಾಷ್ಟ್ರೀಯ ಅಧ್ಯಯನವೂ ಕಂಡದ್ದು. ಹಾಗಾಗಿಯೇ ಅಂಕ ಒಂದನ್ನೇ ನೆಚ್ಚುವಂತಿಲ್ಲ. ಆ ಮನುಷ್ಯ ಮೊದಲು ಹೇಗಿದ್ದರು, ಈಗ ಹೇಗಿದ್ದಾರೆ ಅನ್ನುವುದು ಬೇಕು. ನಾನು ದಿನಾ ಹಾದುಹೋಗುವ ಮಿಷನ್ ಆಸ್ಪತ್ರೆಯಲ್ಲಿ, ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟ ರಿಜಿಸ್ಟರುಗಳಿವೆ. ಆ ಕೂಸುಗಳು ಮುದುಕರಾದ ಮೇಲೆ ಸಂಶೋಧಕರು ಅವರನ್ನು ಹುಡುಕಿ ನೆನಪಿನ ಪರೀಕ್ಷೆ ಮಾಡಿದ್ದಾರೆ, ಹುಟ್ಟಿನ ತೂಕಕ್ಕೂ ಮುಪ್ಪಿನ ನೆನಪಿಗೂ ನಂಟಿದೆಯೇ ಅಂತ ನೋಡಲು. ಅದನ್ನು ಓದಿದ ದಿನ ನನಗೆ ಅನ್ನಿಸಿದ್ದು, ಅವ್ವನಂಥವರಿಗೆ ಯಾವ ರಿಜಿಸ್ಟರೂ ಇಲ್ಲ, ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಹುಟ್ಟಿದವರು. ಅವರ ಹಿಂದಿನ ಲೆಕ್ಕ ಇರುವುದು ಮನೆಯವರ ಹತ್ತಿರ ಮಾತ್ರ.

ಆಸ್ಪತ್ರೆಯಲ್ಲೂ ಮನೆಯವರನ್ನು ಕೇಳುವ ಪ್ರಶ್ನೆಗಳೇ ಬೇರೆ ಇವೆ. ಅಪ್ಪನ ಎದುರಿಗೆ ಕೇಳಿದಾಗ ಅವ್ವ, ‘ಏನೂ ಇಲ್ಲ ಕನವ್ವ, ಚೆನ್ನಾಗವ್ರೆ’ ಅಂದಳು. ಬೇರೆ ಕೋಣೆಗೆ ಕರೆದೊಯ್ದು, ಕಿವಿಯ ಹತ್ತಿರ ಬಾಯಿಟ್ಟು, ಹತ್ತು ವರ್ಷದ ಹಿಂದೆ ಮಾಡುತ್ತಿದ್ದ ಯಾವ ಕೆಲಸ ಈಗ ಮಾಡ್ತಿಲ್ಲ ಅಂತ ಕೇಳಿದರು. ಆಗ ಒಂದೊಂದೇ ಹೊರಬಂತು. ಪೇಪರ್ ಹುಡುಗನಿಗೆ ಒಂದೇ ತಿಂಗಳಲ್ಲಿ ಎರಡು ಸಲ ದುಡ್ಡು ಕೊಟ್ಟದ್ದು. ಮೊಪೆಡ್ ಅನ್ನು ತರಕಾರಿ ಮಾರ್ಕೆಟ್ಟಿನಲ್ಲೇ ಬಿಟ್ಟು ನಡೆದು ಬಂದದ್ದು. ಚೀಟಿ ಲೆಕ್ಕ ತಪ್ಪಿ ಜಗಳವಾಗಿ, ಅವ್ವ ತನ್ನ ಹಾಲಿನ ದುಡ್ಡಿನಲ್ಲಿ ಸರಿ ಮಾಡಿದ್ದು. ಸಾರಿಗೆ ಎರಡನೇ ಸಲ ಉಪ್ಪು ಹಾಕಿದ್ದೂ ಅಪ್ಪನೇ ಅಂತೆ. ‘ಊರೆಲ್ಲ ಮೇಷ್ಟ್ರು ಅಂತ ಕೈ ಮುಗೀತದೆ, ಅವರ ಮರ್ವಾದೆ ಹೆಂಗೆ ಕಳೀಲಿ’ ಅಂತ ಅತ್ತಳು. ಎರಡು ವರ್ಷ ತಾನೇ ಹೊತ್ತುಕೊಂಡಿದ್ದಳು. ಮಾತು ಕಮ್ಮಿಯಾದದ್ದರಲ್ಲಿ ಇದರ ಭಾರವೂ ಇತ್ತು.

ಉಳಿದದ್ದು ಕಿವಿ ಮತ್ತು ರಕ್ತ. ಮಾನಸಗಂಗೋತ್ರಿಯ ಸ್ಪೀಚ್ ಅಂಡ್ ಹಿಯರಿಂಗ್‌ನಲ್ಲಿ, ನಾವು ಆಯಿಷ್ ಅನ್ನುವ ಸಂಸ್ಥೆಯಲ್ಲಿ, ನೋಡಿಸಿದಾಗ ಅವ್ವನ ಎರಡೂ ಕಿವಿ ಅರ್ಧಕ್ಕರ್ಧ ಮಂದವಾಗಿದ್ದವು. ಶುಗರ್‌ಗೆ ವರ್ಷಾನುಗಟ್ಟಲೆ ಮೆಟ್‌ಫಾರ್ಮಿನ್ ನುಂಗುತ್ತಿದ್ದಳು, ಅದರಿಂದ ಬಿ12 ಇಳಿಯಬಹುದಂತೆ, ಇಳಿದಿತ್ತು. ಬಿ12 ಕಮ್ಮಿಯಾದರೂ, ಥೈರಾಯ್ಡ್ ಏರುಪೇರಾದರೂ, ಮನಸ್ಸು ಕುಗ್ಗಿದರೂ ಮರೆವಿನ ಹಾಗೇ ಕಾಣುತ್ತದೆ, ಅವುಗಳಿಗೆ ಮದ್ದಿದೆ. ಕಿವಿ ಮಂದವಾಗಿ ಹಾಗೇ ಬಿಟ್ಟರೆ ಅದೇ ಮುಂದೆ ಡಿಮೆನ್ಷಿಯಾಕ್ಕೆ ದಾರಿಯಾಗಬಹುದು. ತಡೆಯಬಹುದಾದ 14 ಕಾರಣಗಳನ್ನು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಪಟ್ಟಿ ಮಾಡಿದೆ, ಅದರಲ್ಲಿ ಇದೂ ಇದೆ. ಸೂಜಿ ಹಾಕಿಸಿದೆವು, ಕಿವಿಗೆ ಮೆಷಿನ್ ಹಾಕಿಸಿದೆವು, ಡೊನೆಪೆಜಿಲ್ ನಿಲ್ಲಿಸಿದರು. ದೀಪಾವಳಿ ಹೊತ್ತಿಗೆ ಅವ್ವ ಪಕ್ಕದ ಮನೆಯವರ ಜೊತೆ ಕಟ್ಟೆ ಮೇಲೆ ಕೂತು ಮಾತಾಡುತ್ತಿದ್ದಳು.

ಅಪ್ಪನಿಗೆ ಹೇಳಬೇಡ ಅಂದವರೇ ಎಲ್ಲ. ಮಾವ ಅಂದರು, ತಮ್ಮ ಅಂದ. ನಾನು ಹೇಳಿದೆ. ಸುಳ್ಳು ಹೇಳಿದರೆ ನಾಳೆ ಅವರ ಮರೆವಿನ ಮೇಲೆ ನಮ್ಮ ಕಳ್ಳತನವೂ ಸೇರಿಕೊಳ್ಳುತ್ತದೆ. ಒಂದು ಸಂಜೆ, ಬೆಳಕಿರುವಾಗಲೇ, ಜಗಲಿಯಲ್ಲಿ ಕೂತು ಆಲ್ಝೈಮರ್‌ನ ಮೊದಲ ಹಂತ ಅಂತ ಹೇಳಿದೆ. ಅಪ್ಪ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಪೇಪರ್ ಇದೆಯಾ, ಕೊಡು’ ಅಂದರು. ದಿನಪತ್ರಿಕೆ ಅಂದುಕೊಂಡೆ. ಅಲ್ಲ, ಉತ್ತರ ಪತ್ರಿಕೆ. ಕನ್ನಡಕ ಹಾಕಿಕೊಂಡು, ಜೇಬಿನ ಪೆನ್ನು ತೆಗೆದು, ಒಂದೊಂದೇ ಸಾಲು ಬೆರಳಿಟ್ಟು ನೋಡಿದರು.

‘ಲೆಕ್ಕದಲ್ಲಿ ಪೂರ್ತಿ ಬಂದಿದೆ.’

‘ಹೂಂ ಅಪ್ಪ.’

‘ಸೊನ್ನೆ ಬಿದ್ದಿರೋದು ಇದೊಂದೇ ಕಡೆ ಅಲ್ವಾ?’

‘ಹೂಂ.’

‘ಹಂಗಾದ್ರೆ ಲೆಕ್ಕ ಬರೋವಾಗಲೇ ಲೆಕ್ಕದ ಕೆಲಸ ಮುಗಿಸಿಬಿಡೋಣ ಮಗ.’

ಆ ತಿಂಗಳೇ ಬ್ಯಾಂಕಿಗೆ ನಡೆದರು. ಪೆನ್ಶನ್ ಖಾತೆಗೆ ಅವ್ವನ ಹೆಸರು ಸೇರಿಸಿ, ಅವಳ ಹೆಬ್ಬೆಟ್ಟು ಒತ್ತಿಸಿದರು. ವಿಲ್ ಬರೆಸಿ ರಿಜಿಸ್ಟರ್ ಮಾಡಿಸಿದರು, ಹಳ್ಳಿಯ ಮೂವತ್ತು ಗುಂಟೆ ಯಾರಿಗೆ ಅನ್ನುವುದನ್ನು ತಾವೇ ಓದಿ, ಎರಡು ಕಡೆ ಕಾಗುಣಿತ ತಿದ್ದಿಸಿ, ಸಹಿ ಹಾಕಿದರು. ಮೊಪೆಡ್ ಕೀ ನನ್ನ ಕೈಗೆ ಕೊಟ್ಟರು. ಮುಂದೆ ತಮಗೆ ಏನೂ ತಿಳಿಯದ ಸ್ಥಿತಿ ಬಂದರೆ ಮೂಗಿಗೆ ನಳಿಕೆ ಹಾಕಿಸಬೇಡಿ ಅಂದರು, ಅದನ್ನೂ ಬರೆದಿಟ್ಟಿದ್ದಾರೆ. ಇನ್ನೊಂದು ವರ್ಷ ತಡವಾಗಿದ್ದರೆ ಇಷ್ಟನ್ನೂ ನಾವು ಅವರ ಪರವಾಗಿ ಊಹಿಸಬೇಕಾಗುತ್ತಿತ್ತು. ಬೇಗ ತೋರಿಸಿ ಏನು ಮಾಡೋದು, ವಾಸಿಯಾಗೋ ಕಾಯಿಲೆನಾ ಅಂತ ಕೇಳುವವರಿಗೆ ನಾನು ಆ ಬ್ಯಾಂಕಿನ ದಿನವನ್ನು ಹೇಳುತ್ತೇನೆ.

ವಾಸಿ ಮಾಡುವ ಮದ್ದು ಇಲ್ಲ, ಅದು ನಿಜ. ಡೊನೆಪೆಜಿಲ್ ಈಗ ಅಪ್ಪನಿಗೆ ಕೊಡುತ್ತಿದ್ದಾರೆ. ಕೆಲವು ಕಾಲ ಸ್ವಲ್ಪ ಆಸರೆ, ಒಳಗಿನ ಸವೆತವನ್ನು ಅದು ನಿಲ್ಲಿಸುವುದಿಲ್ಲ. ಅಮೆರಿಕದಲ್ಲಿ 2023ರಲ್ಲಿ ಲೆಕಾನೆಮ್ಯಾಬ್, 2024ರಲ್ಲಿ ಡೊನಾನೆಮ್ಯಾಬ್ ಅನ್ನುವ ಔಷಧಿಗಳಿಗೆ ಒಪ್ಪಿಗೆ ಸಿಕ್ಕಿದೆ. ಅವು ನಡೆಯುವುದೂ ಆರಂಭದ ಹಂತದವರಿಗೆ ಮಾತ್ರ, ಅದೂ ನಿಧಾನ ಮಾಡಲು, ಮೆದುಳಿನ ಊತ ಮತ್ತು ರಕ್ತಸ್ರಾವದ ಭಯ ಜೊತೆಗಿಟ್ಟುಕೊಂಡು. 2025ರ ಮೇ ತಿಂಗಳಲ್ಲಿ ಅಲ್ಲೇ ಒಂದು ರಕ್ತಪರೀಕ್ಷೆಗೂ ಒಪ್ಪಿಗೆ ಸಿಕ್ಕಾಗ ತಮ್ಮ ವಾಟ್ಸಾಪಿನಲ್ಲಿ ಕಳಿಸಿ, ನಾವೆಲ್ಲ ಮಾಡಿಸಿಕೊಳ್ಳೋಣ ಅಂದ. ಮರೆವಿನ ಲಕ್ಷಣ ಇರುವ 55 ದಾಟಿದವರಿಗೆ, ತಜ್ಞರು ಉಳಿದದ್ದನ್ನೆಲ್ಲ ನೋಡಿದ ಮೇಲೆ, ಅದಕ್ಕೆ ಜೊತೆಯಾಗಿ ಮಾಡುವ ಪರೀಕ್ಷೆ ಅದು. ಏನೂ ಇಲ್ಲದ ನಾವು ಹೆದರಿಕೆಗೆ ಮಾಡಿಸುವಂಥದ್ದಲ್ಲ.

2025ರಲ್ಲಿ ಕೆಆರ್‌ಎಸ್ ಜೂನ್ ತಿಂಗಳಲ್ಲೇ ತುಂಬಿತು. ಅಪ್ಪ ಈಗಲೂ ಪೇಪರ್ ಗಟ್ಟಿಯಾಗಿ ಓದುತ್ತಾರೆ, ಅವ್ವನಿಗೆ ಈಗ ಅದು ಕೇಳಿಸುತ್ತದೆ. ಎಷ್ಟು ಅಡಿ ಅಂದರೆ ಒಲೆ ಮುಂದಿನಿಂದಲೇ ಹೇಳುತ್ತಾಳೆ. ಹೋದ ಸಲ ಆಸ್ಪತ್ರೆಗೆ ಹೋಗುವ ಮುಂಚೆ ಅವ್ವ ನನ್ನನ್ನು ಅಡುಗೆಮನೆಗೆ ಕರೆದು, ಬಾಗಿಲ ಹಿಂದೆ ತೋರಿಸಿ, ಇದನ್ನ ಫೋನಲ್ಲಿ ಹಿಡ್ಕೊ ಅಂದಳು. ಈಗ ಇದ್ದಿಲಿಲ್ಲ, ಅಪ್ಪ ನಿವೃತ್ತಿಯಲ್ಲಿ ತಂದಿಟ್ಟ ಡಬ್ಬಿಯ ಸೀಮೆಸುಣ್ಣ. ಹೇಳಿದ್ದನ್ನೇ ಮತ್ತೆ ಕೇಳಿದಾಗಲೆಲ್ಲ ಒಂದು ಗೀಟು, ದಿನಕ್ಕೊಂದು ಸಾಲು, ಹುಣ್ಣಿಮೆಗೊಂದು ಸುನ್ನೆ. ಡಾಕ್ಟರ್ ಆ ಫೋಟೋವನ್ನು ದೊಡ್ಡದು ಮಾಡಿಕೊಂಡು ಎರಡು ತಿಂಗಳ ಗೀಟು ಎಣಿಸಿ ಫೈಲಿನಲ್ಲಿ ಬರೆದುಕೊಂಡರು.

ಅಪ್ಪನೂ ಒಂದು ದಿನ ಅದನ್ನು ಕಂಡು, ಇದೇನು ಗೀಟು ಅಂತ ಕೇಳಿದರಂತೆ. ‘ನೀವು ಕೇಳಿದ್ದೇ ಕೇಳ್ತೀರಲ್ಲ, ಅದರ ಲೆಕ್ಕ’ ಅಂದಳಂತೆ ಅವ್ವ. ಸ್ವಲ್ಪ ಹೊತ್ತು ನಿಂತು ನೋಡಿ, ಅವಳ ಕೈಯಿಂದ ಸೀಮೆಸುಣ್ಣ ತಗೊಂಡು, ನಾಲ್ಕು ಗೀಟಿನ ಮೇಲೆ ಅಡ್ಡಕ್ಕೆ ಒಂದು ಎಳೆದು, ‘ಹಿಂಗೆ ಐದೈದು ಕಟ್ಟು ಮಾಡು, ಎಣಿಸೋಕೆ ಸುಲಭ’ ಅಂದರಂತೆ. ಆವತ್ತಿನಿಂದ ಅವ್ವ ಕಟ್ಟು ಹಾಕುತ್ತಿದ್ದಾಳೆ.